ಬಿರುಗಾಳಿ ಇಲ್ಲದ ಸಮುದ್ರ

"ಗೆದ್ದೆ," ಎಂದಳು ಕಡ್ಡಿ.

ಯಾರೂ ಕಿರುಚಲಿಲ್ಲ. ಯಾರೂ "ಮೋಸ, ಮೋಸ" ಎನ್ನಲಿಲ್ಲ. ಎದುರಿಗೆ ಕೂತಿದ್ದ ಅವಳಿ ಹುಡುಗಿಯರಲ್ಲಿ ಒಬ್ಬಳು ಆಕಳಿಸಿದಳು. ಅದನ್ನು ನೋಡಿ ಇನ್ನೊಬ್ಬಳೂ ಆಕಳಿಸಿದಳು.

"ಹೌದಾ? ಸರಿ," ಎಂದ ಲಾಯರ್.

ಲಾಯರ್ ಎಂದರೆ ಕರಿ ಕೋಟಿನ ಲಾಯರ್ ಅಲ್ಲ, ಕೆಳಗಿನ ಮನೆಯ ಐದನೇ ಕ್ಲಾಸಿನ ಹುಡುಗ. ಯಾವ ಆಟದಲ್ಲಾದರೂ ಒಂದು ರೂಲ್ ಕೈಗೆ ಸಿಕ್ಕರೆ ಸಾಕು, ಅದನ್ನು ಹಿಡಿದು ಗಂಟೆಗಟ್ಟಲೆ ವಾದ ಮಾಡುವವನು. ಅಂಥವನೇ ಇವತ್ತು ತೆಪ್ಪಗೆ ಕೂತಿದ್ದಾನೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಅವರ ನಡುವೆ, ಮೆಟ್ಟಿಲ ಪಕ್ಕದ ಖಾಲಿ ಜಾಗದಲ್ಲಿ, 'ಏಳು ದ್ವೀಪ - ಭಾಗ ನಾಲ್ಕು' ಹರಡಿಕೊಂಡಿತ್ತು. ಇದು ಅಂಗಡಿಯಲ್ಲಿ ಸಿಗುವ ಆಟವಲ್ಲ. ಕಡ್ಡಿಯ ಸೋದರಮಾವ ತಾನೇ ಯೋಚಿಸಿ ಮಾಡಿದ ಆಟ. ಮಾಮನ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಕಂಪ್ಯೂಟರಿನ ಮುಂದೆ ಕೂತು ಪುಟ ಹೊಂದಿಸುವುದು. ಅಲ್ಲಿ ಕತ್ತರಿಸಿ ಉಳಿದ ದಪ್ಪ ರಟ್ಟನ್ನು ಕೇಳಿ ತಂದು, ವರ್ಷಕ್ಕೊಂದು ಆಟ ಮಾಡಿ ಈ ಬಿಲ್ಡಿಂಗಿನ ಮಕ್ಕಳಿಗೆ ಕೊಡುತ್ತಿದ್ದ. ಅಂಗಿ ಗುಂಡಿಗಳೇ ಹಡಗುಗಳು. ಹಡಗಿಗೆ ಸರಕು ತುಂಬಬೇಕು, ಏಳು ದ್ವೀಪ ಸುತ್ತಬೇಕು, ಮೊದಲು ಬಂದರಿಗೆ ವಾಪಸ್ ಬಂದವರು ಗೆದ್ದ ಹಾಗೆ.

ಭಾಗ ಮೂರನ್ನು ಆಡಿ ಆಡಿ ರಟ್ಟಿನ ಮೂಲೆಗಳೇ ಸವೆದುಹೋಗಿದ್ದವು. ಅದರಲ್ಲಿ ಯಾರು ಯಾರ ಜೊತೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದಿತ್ತು, ಆಮೇಲೆ ಮುರಿಯಲೂಬಹುದಿತ್ತು. ಹಾಗೆ ಮುರಿದಿದ್ದಕ್ಕೆ ಲಾಯರ್ ಅವಳಿಗಳ ಜೊತೆ ಎರಡು ದಿನ ಟೂ ಬಿಟ್ಟಿದ್ದ. ಭಾಗ ನಾಲ್ಕು ಬರುತ್ತದೆ ಎಂದು ಆರು ತಿಂಗಳಿಂದ ಎಲ್ಲರೂ ತುದಿಗಾಲಲ್ಲಿ ನಿಂತಿದ್ದರು.

ಈಗ ಬಂದಿತ್ತು. ನೋಡಲು ಕಣ್ಣಿಗೆ ಹಬ್ಬ! ಸಮುದ್ರಕ್ಕೆ ಮೂರು ಥರದ ನೀಲಿ, ಪ್ರತಿ ದ್ವೀಪಕ್ಕೂ ಬೇರೆ ಬೇರೆ ಮರ. ಆದರೆ ಹಡಗು ಮುಳುಗಿಸುತ್ತಿದ್ದ ಬಿರುಗಾಳಿ ಕಾರ್ಡ್ ಮಾಯ. ಕಡಲ್ಗಳ್ಳರು ಮಾಯ. ಕುಡಿಯುವ ನೀರಿನ ಪೀಪಾಯಿ ಎಷ್ಟು ದೂರ ಹೋದರೂ ಖಾಲಿಯಾಗುವುದಿಲ್ಲ. ಒಪ್ಪಂದವನ್ನು ಮುರಿಯುವ ಹಾಗೇ ಇಲ್ಲ. ಎಲ್ಲರೂ ಮೆಲ್ಲಗೆ ಸುತ್ತಿ ಮೆಲ್ಲಗೆ ಮನೆಗೆ ಬರುತ್ತಾರೆ.

"ಇದು ಆಟಾನಾ? ಬಸ್ಸಲ್ಲಿ ಕೂತ ಹಾಗಿದೆ," ಎಂದಳು ಮೊದಲ ಅವಳಿ.

"ಕಿಟಕಿ ಸೀಟೂ ಇಲ್ಲ," ಎಂದಳು ಎರಡನೆಯವಳು.

"ಮೂರು ಎಲ್ಲಿ, ಇದೆಲ್ಲಿ! ನಿಮ್ಮ ಮಾಮಂಗೆ ಏನಾಯ್ತು?" ಎಂದ ಲಾಯರ್. "ಕಡ್ಡಿ, ನೀನೇ ಹೋಗಿ ಹೇಳಿಬಿಡು. ನಾಳೆಯಿಂದ ನಾವು ಸೈಕಲ್ ಹೊಡೀತೀವಿ. ಇನ್ನು ಭಾಗ ಐದೂ ಬೇಡ, ಆರೂ ಬೇಡ."

ಅವಳು ತೆಳ್ಳಗಿದ್ದಳು ಎಂದು ಮನೆಯಲ್ಲಿ ಇಟ್ಟ ಹೆಸರು ಕಡ್ಡಿ. ಮಾತೂ ಕಡ್ಡಿ ಮುರಿದ ಹಾಗೆಯೇ ಇತ್ತು. ಅವಳಿಗೆ ಇಂಥದ್ದು ಹೇಳುವುದು ಯಾವ ದೊಡ್ಡ ವಿಷಯ ಎಂದು ಎಲ್ಲರೂ ಅಂದುಕೊಂಡಿದ್ದರು.

ಆದರೆ ಅವತ್ತು ಸಂಜೆ ಪ್ರೆಸ್ಸಿನಿಂದ ಮನೆಗೆ ಬಂದ ಮಾಮ ಚಪ್ಪಲಿ ಬಿಡುವ ಮೊದಲೇ ಕೇಳಿದ. "ಆಡಿದ್ರಾ? ಹೇಗಿತ್ತು?" ಅವನ ಮುಖ ಮೊರದಗಲ ಆಗಿತ್ತು.

"ಬಣ್ಣ ತುಂಬಾ ಚೆನ್ನಾಗಿದೆ ಮಾಮ," ಎಂದಳು ಕಡ್ಡಿ.

"ಬಣ್ಣ ಬಿಡು, ಆಟ?"

"ನಂಗೆ ಹೋಮ್‌ವರ್ಕ್ ಇದೆ," ಎಂದು ಒಳಗೆ ಓಡಿದಳು.

ಪುಸ್ತಕ ತೆರೆದು ಕೂತರೂ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಅಷ್ಟು ಚೆನ್ನಾಗಿ ಆಟ ಮಾಡುವ ಮಾಮ, ಚೆನ್ನಾಗಿದ್ದುದನ್ನೇ ಹುಡುಕಿ ಹುಡುಕಿ ಯಾಕೆ ತೆಗೆದ?

ಶನಿವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ ಕೂಗಿದಳು. "ನೋಡು, ನಿನ್ನ ಮಾಮ ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದಾನೆ. ಹೊಟ್ಟೆಗಿಂತ ಅವನಿಗೆ ಆ ಪ್ರೆಸ್ಸೇ ಹೆಚ್ಚು. ಕೊಟ್ಟು ಬಾ ಹೋಗು."

ಪ್ರೆಸ್ಸು ಎರಡು ಬೀದಿ ಆಚೆ. ಒಳಗೆ ಕಾಲಿಟ್ಟರೆ ಇಂಕಿನ ವಾಸನೆ, ಹಿಂದಿನ ಕೋಣೆಯಿಂದ ಮಷೀನಿನ ದಡಬಡ. ಮಾಮ ತನ್ನ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿಕೊಂಡು ಕೂತಿದ್ದ. ಯಾವುದೋ ಟೈರ್ ಅಂಗಡಿಯ ಕ್ಯಾಲೆಂಡರ್. ಅದರ ತುಂಬಾ ಯಾರೋ ಕೆಂಪು ಪೆನ್ನಿನಲ್ಲಿ ಗೀಚಿದ್ದರು.

"ಇದೇನು ಮಾಮ, ಮಾರ್ಕ್ಸ್ ಕಡಿಮೆ ಬಂದಿದ್ಯಾ?"

ಮಾಮ ನಕ್ಕ. "ಇದು ಪ್ರೂಫ್ ಕಣೆ. ಪ್ರಿಂಟ್ ಮಾಡೋಕೆ ಮೊದಲು ಗಿರಾಕಿಗೆ ತೋರಿಸ್ತೀವಿ. ಏನು ಸರಿ ಇಲ್ವೋ ಅವರು ಕೆಂಪಲ್ಲಿ ಬರೀತಾರೆ. ನಾನು ಒಂದೊಂದೇ ಸರಿ ಮಾಡಿ ಹಸಿರು ಟಿಕ್ ಹಾಕ್ತೀನಿ."

ಕಡ್ಡಿ ಬಗ್ಗಿ ಓದಿದಳು. 'ನನ್ನ ಫೋಟೊ ಇನ್ನೂ ದೊಡ್ಡದು ಬೇಕು.' ಅದರ ಪಕ್ಕದಲ್ಲೇ ಹಸಿರು ಟಿಕ್. ಕಂಪ್ಯೂಟರಿನಲ್ಲಿ ಅಂಗಡಿಯವರ ಮುಖ ಅರ್ಧ ಹಾಳೆ ತುಂಬಿತ್ತು. ಕೆಳಗೆ ತಾರೀಕುಗಳು ಇರುವೆ ಸಾಲಿನಷ್ಟು ಸಣ್ಣಗಾಗಿದ್ದವು.

"ಅಯ್ಯೋ! ತಾರೀಕೇ ಕಾಣಲ್ವಲ್ಲ ಮಾಮ!"

"ಕಾಣಲ್ಲ. ಆದ್ರೆ ಗಿರಾಕಿ ಕೆಂಪಲ್ಲಿ ಬರೆದ ಮೇಲೆ ಮುಗೀತು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಇಲ್ಲಿ ಹನ್ನೆರಡು ವರ್ಷದಿಂದ ಹೀಗೇ."

ಮಾಮ ಕೈ ತೊಳೆಯಲು ಹೋದ. ಕಡ್ಡಿ ಡಬ್ಬಿ ಇಡಲು ಜಾಗ ಹುಡುಕುತ್ತಾ ಮೇಜಿನ ಮೇಲಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದಳು. ಅವುಗಳ ಅಡಿಯಲ್ಲಿ ಕ್ಲಿಪ್ ಹಾಕಿದ ಪುಟ್ಟ ಚೀಟಿಗಳ ಒಂದು ಕಟ್ಟು ಇತ್ತು. ಮೇಲೆ 'ಏಳು ದ್ವೀಪ - ಪ್ರೂಫ್' ಎಂದು ಮಾಮನ ಅಕ್ಷರ.

'ಕಳ್ಳರು ಜಾಸ್ತಿ ಆದರು. ತೆಗೀರಿ.' ಇದು ಅವಳಿಗಳದು, ಇಬ್ಬರೂ ಸಹಿ ಹಾಕಿದ್ದರು. ಹಸಿರು ಟಿಕ್.

'ಒಪ್ಪಂದ ಮುರಿಯುವುದು ಕಾನೂನಿಗೆ ವಿರುದ್ಧ.' ಇದು ಯಾರದೆಂದು ಹೇಳಬೇಕಾಗಿಯೇ ಇರಲಿಲ್ಲ. ಟಿಕ್.

'ನೀರಿನ ಲೆಕ್ಕ ಬೋರು.' ಇದೂ ಲಾಯರ್‌ನದೇ. ಟಿಕ್.

ಕೊನೆಯ ಚೀಟಿಯಲ್ಲಿ ಅಕ್ಷರಗಳು ದಪ್ಪದಪ್ಪಗಿದ್ದವು. ಪೆನ್ನು ಒತ್ತಿದ್ದಕ್ಕೆ ಒಂದು ಕಡೆ ಕಾಗದವೇ ತೂತಾಗಿತ್ತು. 'ಬಿರುಗಾಳಿ ಬೇಡ. ಬೇಡವೇ ಬೇಡ.'

ಅದು ಅವಳ ಅಕ್ಷರ.

ಕಡ್ಡಿಯ ಕಿವಿ ಬಿಸಿಯಾಯಿತು. ಎಲ್ಲ ನೆನಪಾಯಿತು. ಕಳೆದ ವರ್ಷ ಮಾಮ ಚೀಟಿ ಹಂಚಿ, "ಏನು ಸರಿ ಇಲ್ವೋ ಬರೆದು ಕೊಡಿ," ಎಂದಿದ್ದ. ಅವತ್ತೇ ಅವಳ ಹಡಗು ಏಳು ದ್ವೀಪವನ್ನೂ ಸುತ್ತಿ, ಬಂದರಿಗೆ ಇನ್ನೊಂದೇ ಮನೆ ಇರುವಾಗ ಮುಳುಗಿತ್ತು. ಅವಳು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು. ಮುಖ ಒರೆಸಿಕೊಂಡು ಬಂದು ಈ ಚೀಟಿ ಬರೆದಿದ್ದಳು. ಮರುದಿನ ಬೆಳಿಗ್ಗೆ ಎದ್ದವಳೇ ಮತ್ತೆ ಅದೇ ಆಟಕ್ಕೆ ಓಡಿದ್ದಳು. ಚೀಟಿಯ ವಿಷಯ ಆಮೇಲೆ ಯಾರಿಗೂ ನೆನಪಿರಲಿಲ್ಲ, ಮಾಮನೊಬ್ಬನನ್ನು ಬಿಟ್ಟು.

ಮಾಮ ಬಂದು ಡಬ್ಬಿ ಬಿಚ್ಚತೊಡಗಿದ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾಗುವುದಿಲ್ಲ ಎಂದು ಕಡ್ಡಿಗೆ ಅನ್ನಿಸಿತು.

"ಮಾಮ, ಭಾಗ ನಾಲ್ಕು ಚೆನ್ನಾಗಿಲ್ಲ. ಯಾರಿಗೂ ಇಷ್ಟ ಆಗ್ಲಿಲ್ಲ."

ಮಾಮನ ಕೈ ಡಬ್ಬಿಯ ಮುಚ್ಚಳದ ಮೇಲೆಯೇ ನಿಂತಿತು. "ಇಷ್ಟ ಆಗ್ಲಿಲ್ವಾ? ನೀವು ಹೇಳಿದ್ದೆಲ್ಲಾ ಸರಿ ಮಾಡಿದ್ನಲ್ಲೇ! ಒಂದೂ ಬಿಟ್ಟಿಲ್ಲ, ನೋಡು," ಎಂದು ಚೀಟಿಗಳ ಕಟ್ಟು ತೋರಿಸಿದ.

"ಗೊತ್ತು. ನಾವೇ ಬರೆದಿದ್ದು." ಅವಳ ದನಿ ಸಣ್ಣಗಾಯಿತು. "ಆದ್ರೆ ಸೋತ ತಕ್ಷಣ ಬರೆದಿದ್ದು ಮಾಮ ಅದು."

ಮಾಮ ಊಟ ಮಾಡತೊಡಗಿದ. ಅವನಿಗೆ ಬೇಜಾರಾಗಿದೆ ಎಂದು ಅವನು ಅಗಿಯುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಹಾಗಾದ್ರೆ ನೀವು ಹೇಳಿದ್ದನ್ನ ನಂಬೋದಾ, ಬೇಡ್ವಾ?" ಎಂದ ಕಡೆಗೆ.

ಕಡ್ಡಿ ತಿರುಗಿ ಇನ್ನೊಂದು ಪ್ರಶ್ನೆ ಕೇಳಿದಳು.

"ಮಾಮ, ನೀನು ಯಾವತ್ತಾದ್ರೂ ನಮ್ಮ ಜೊತೆ ಆಡಿದೀಯಾ?"

"ನಾನಾ? ನಾನು ಮಾಡೋನು. ಆಡೋದು ನೀವು ತಾನೇ?"

ಭಾನುವಾರ ಬೆಳಿಗ್ಗೆ ಕಡ್ಡಿ ಮಾಮನ ಕೈ ಹಿಡಿದು ಎಳೆದುಕೊಂಡು ಬಂದಳು. ಸೈಕಲ್ ಹೊಡೆಯಲು ಹೊರಟಿದ್ದ ಮೂವರನ್ನೂ ಕೂಗಿ ಕರೆದಳು. ಚೀಟಿಗಳನ್ನು ತೋರಿಸಿದಾಗ ಲಾಯರ್ ತನ್ನ ಚೀಟಿಯನ್ನು ಎರಡು ಸಲ ಓದಿ, "ಇದು ನನ್ನ ಸಹಿ ಇರಬಹುದು," ಎಂದು ಗೊಣಗಿದ.

ಮೊದಲು ಭಾಗ ನಾಲ್ಕನ್ನು ಇದ್ದ ಹಾಗೇ ಆಡಿದರು. ಮೂರನೇ ಸುತ್ತಿಗೆ ಮಾಮ ಆಕಳಿಸಿದ. ಎಲ್ಲರೂ ಅವನನ್ನೇ ನೋಡಿದರು. ಮಾಮ ಬಾಯಿ ಮುಚ್ಚಿಕೊಂಡು ಪೆಚ್ಚಾಗಿ ನಕ್ಕ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಬಿಳಿ ರಟ್ಟಿನ ಚೂರುಗಳ ಮೇಲೆ ಸರಸರ ಬರೆದ. ಬಿರುಗಾಳಿ ಒಂದು. ಕಡಲ್ಗಳ್ಳರು ಎರಡು. ಎಲ್ಲವನ್ನೂ ಕಾರ್ಡುಗಳ ನಡುವೆ ಕಲಸಿಬಿಟ್ಟ. ಒಪ್ಪಂದವನ್ನೂ ಮುರಿಯಬಹುದು ಎಂದ.

"ಆಟ ಮಾಡಿದೋನೇ ನಾನು. ನನ್ನನ್ನ ಸೋಲಿಸ್ತೀರಾ? ಬನ್ನಿ," ಎಂದು ತೋಳೇರಿಸಿದ.

ಮಾಮ ತನ್ನ ಹಡಗಾದ ನೀಲಿ ಗುಂಡಿಗೆ ಹಿಡಿಯುವಷ್ಟು ಸರಕು ತುಂಬಿದ. ಕಳ್ಳರಿಂದ ತಪ್ಪಿಸಿಕೊಂಡ. ಅವಳಿಗಳ ಜೊತೆ ಒಪ್ಪಂದ ಮಾಡಿಕೊಂಡು, ಆರನೇ ದ್ವೀಪದಲ್ಲಿ ಮುರಿದ. "ಇದನ್ನ ತಲೆ ಅಂತಾರೆ," ಎಂದು ಬೀಗಿದ. ಬಂದರಿಗೆ ಒಂದೇ ಮನೆ ಉಳಿದಿತ್ತು. ಕಾರ್ಡ್ ಎತ್ತಿದ.

ಬಿರುಗಾಳಿ.

ಅವಳಿಗಳು ಕಿರುಚಿದ್ದಕ್ಕೆ ಮೇಲಿನ ಮನೆಯ ಬಾಗಿಲು ತೆರೆಯಿತು. ಲಾಯರ್ ಎದ್ದು ನಿಂತು ಕುಣಿಯತೊಡಗಿದ. "ಮುಳುಗಿತು! ಸರಕೆಲ್ಲಾ ಮುಳುಗಿತು!"

"ಇದ್ಯಾವ ನ್ಯಾಯ?" ಎಂದ ಮಾಮ. ಅವನು ನಗುತ್ತಿರಲಿಲ್ಲ. ಕಿವಿ ಕೆಂಪಾಗಿತ್ತು. "ಇಷ್ಟು ದೂರ ಬಂದ ಮೇಲೆ ಎಲ್ಲಾ ಹೋಗೋದು ಅಂದ್ರೇನು? ಈ ಕಾರ್ಡ್ ಸರಿ ಇಲ್ಲ. ತೆಗೀಬೇಕು ಇದನ್ನ." ಪೆನ್ನು ತೆಗೆದುಕೊಂಡು, ಬರೆಯಲು ಒಂದು ಚೂರು ಕಾಗದಕ್ಕಾಗಿ ಸುತ್ತ ತಡಕಾಡಿದ.

ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಕಡ್ಡಿಗೆ ಮಾತ್ರ ನಗು ಬರಲಿಲ್ಲ. ಬಂದರಿಗೆ ಒಂದೇ ಮನೆ ಇರುವಾಗ ಮುಳುಗಿದರೆ ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಮೆಲ್ಲಗೆ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು.

"ನಾಳೆ ಬರಿ ಮಾಮ. ಇವತ್ತು ಬೇಡ."

ಮಾಮ ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಆಮೇಲೆ ನೀಲಿ ಗುಂಡಿಯನ್ನು ಎತ್ತಿ, ಅಂಗಿಗೆ ಒರೆಸಿ, ಹಡಗು ಹೊರಡುವ ಮೊದಲ ಮನೆಯಲ್ಲಿ ಮತ್ತೆ ಇಟ್ಟ.