ಎಲ್ಲರಿಗೂ ಒಂದೇ ಪಾಸ್‌ವರ್ಡ್

ಮಂಗಳವಾರ ಬೆಳಿಗ್ಗೆ 10.15ಕ್ಕೆ ತಾರಿಹಾಳದ ಪಂಪ್ ಕಾರ್ಖಾನೆಯ ಮಾಲೀಕ ರಮಾಕಾಂತ ಠಾಣೆಗೆ ಬಂದು, ಕೂರುವ ಮೊದಲೇ ದೂರು ಶುರು ಮಾಡಿದರು. ಹಿಂದಿನ ದಿನ ಯಾರೋ ಅವರ ಸಾಫ್ಟ್‌ವೇರ್‌ನಿಂದ ಸ್ಟೋರಿನ ಲೆಕ್ಕವನ್ನೆಲ್ಲ ಅಳಿಸಿದ್ದರು.

"ನಮ್ಮ ಆಫೀಸಿನ ಆ ಹುಡುಗಿ ಚಿನ್ಮಯೀನೇ ಮಾಡ್ಯಾಳ್ರಿ. ಕಂಪ್ಯೂಟರ್ ಬರೋದು ಆಕಿಗೊಬ್ಬಾಕಿಗೇ. ಒಳಗ ಹಾಕ್ರಿ."

ಇನ್‌ಸ್ಪೆಕ್ಟರ್ ಈವ್ಲಿನ್ ಎಫ್‌ಐಆರ್‌ನಲ್ಲಿ 'ಅಪರಿಚಿತ ಆರೋಪಿ' ಎಂದೇ ಬರೆಸಿದರು.

11.30ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ. ಸಾಫ್ಟ್‌ವೇರ್‌ನ ದಾಖಲೆಯಂತೆ ಅಳಿಸಿದ ಸಮಯ ಸೋಮವಾರ ಮಧ್ಯಾಹ್ನ 1.40ರಿಂದ 2.25. ಅಳಿಸಿದವರ ಹೆಸರು ರಮಾಕಾಂತ.

"ನಾ ಊಟಕ್ಕ ಮನ್ಯಾಗಿದ್ನೆರಿ!"

"ಮತ್ತ ನಿಮ್ಮ ಹೆಸರು ಹೆಂಗ ಬಂತು?"

"ಎಲ್ಲಾರೂ ನನ್ನ ಹೆಸರಿಲೇ ಒಳಗ ಹೋಗ್ತಾರ್ರಿ. ಒಬ್ಬೊಬ್ಬರಿಗೂ ಬ್ಯಾರೆ ಲಾಗಿನ್ ತೊಗೊಂಡ್ರ ಖರ್ಚು ಹೆಚ್ಚಿಗಿ."

ಕಾನ್‌ಸ್ಟೇಬಲ್ ಶಾನವಾಜ ಗೋಡೆಯತ್ತ ಬೆರಳು ತೋರಿಸಿದ. ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಪಾಸ್‌ವರ್ಡ್ ಬರೆದಿತ್ತು. "ಮೇಡಂ, ಆರೋಪಿ ಅಂತ ಇಡೀ ಕಾರ್ಖಾನಿ ಬರೀಲೇನ್ರಿ?"

ಈವ್ಲಿನ್ ಹಣೆ ಒತ್ತಿಕೊಂಡರು.

ಹೊಸ ಸಾಫ್ಟ್‌ವೇರ್ ನೋಡಿಕೊಳ್ಳಲೆಂದೇ ಮೂರು ತಿಂಗಳ ಹಿಂದೆ ಸೇರಿದ್ದ ಚಿನ್ಮಯೀ ಮೂಲೆಯಲ್ಲಿ ಅಳುತ್ತಿದ್ದಳು. "ಪಾಸ್‌ವರ್ಡ್ ಬ್ಯಾರೆ ಬ್ಯಾರೆ ಇಡ್ರಿ ಅಂತ ಆರು ಸಲ ಹೇಳೇನ್ರಿ. ಈಗ ಕೇಸು ಬಿದ್ರ ನನಗ್ಯಾರು ಕೆಲಸ ಕೊಡ್ತಾರ್ರಿ? ನಾ ಸ್ಟೋರಿನ್ಯಾಗ ಕಾಲೂ ಇಟ್ಟಿಲ್ಲ. ಚೀಟಿ ಬರ್ತಾವು, ಟೈಪ್ ಮಾಡ್ತೇನಿ."

ಅಳಿಸಿಹೋದ ಸಾಮಾನುಗಳ ಪಟ್ಟಿಯನ್ನು ಈವ್ಲಿನ್ ದಾಖಲೆಯಿಂದ ಮುದ್ರಿಸಿಕೊಂಡರು. ಸಾಫ್ಟ್‌ವೇರ್‌ನಲ್ಲಿ ಸಾಮಾನುಗಳು ಅಕ್ಷರಕ್ರಮದಲ್ಲಿದ್ದವು. ಅಳಿಸಿದ ಕ್ರಮವೇ ಬೇರೆ. ಮೊದಲು ವಾಷರ್, ಆಮೇಲೆ ಬೇರಿಂಗ್, ಆಮೇಲೆ ಸೀಲು. ಪಟ್ಟಿ ಹಿಡಿದು ಸ್ಟೋರಿನೊಳಗೆ ನಡೆದರು. ಬಾಗಿಲಿನ ಪಕ್ಕದ ಕಪಾಟಿನಲ್ಲಿ ವಾಷರ್, ಮುಂದಿನದರಲ್ಲಿ ಬೇರಿಂಗ್, ಅದರಾಚೆ ಸೀಲು. ಕೊನೆಯ ಕಪಾಟಿನವರೆಗೂ ಒಂದೂ ತಪ್ಪಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದ ಪಂಢರಿನಾಥರನ್ನು ಕರೆಸಿದರು.

"ಅಂವಾ ಏನ್ ಮಾಡ್ತಾನ್ರಿ?" ರಮಾಕಾಂತ ಸಿಡುಕಿದರು. "ಅಂವಗ ಮೌಸ್ ಹಿಡ್ಯಾಕೂ ಬರಂಗಿಲ್ಲ."

"ಕಾಕಾ, ಸ್ಟೋರಿನ್ಯಾಗ ಏನೇನ್ ಐತಿ, ಹೇಳ್ರಿ."

ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ಈವ್ಲಿನ್ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದರು. ಅದೇ ಕ್ರಮ. ಹನ್ನೆರಡನೆಯದಕ್ಕೆ ತಡೆದರು.

"ಕಂಪ್ಯೂಟರ್ ಯಾವಾಗ ಕಲ್ತ್ರಿ?"

ಪಂಢರಿನಾಥ ಚಿನ್ಮಯೀಯತ್ತ ನೋಡಿದರು. "ಆ ಹುಡುಗಿ ಹಿಂದ ನಿಂತು ನೋಡೇನ್ರಿ. ಆಕಿದೇನೂ ತಪ್ಪಿಲ್ಲ, ಬಿಡ್ರಿ ಆಕಿನ್ನ."

3.10ಕ್ಕೆ ಬಂಧನ. ಠಾಣೆಯಲ್ಲಿ ಶಾನವಾಜ ಪಂಢರಿನಾಥರ ಹೇಳಿಕೆ ಬರೆದುಕೊಂಡ.

"ಮೊದಲೆಲ್ಲಾ ದಿನಕ್ಕ ಐವತ್ತು ಸಲ, ಕಾಕಾ ಅದೆಲ್ಲೈತಿ, ಕಾಕಾ ಇದೆಲ್ಲೈತಿ ಅಂತಿದ್ರು. ಈಗ ಸ್ಕ್ರೀನ್ ನೋಡ್ತಾರ, ತಾವಾ ತೊಗೊಂಡು ಹೋಗ್ತಾರ. ಮೂರು ತಿಂಗಳಾತ್ರಿ, ಒಬ್ರೂ ಮಾತಾಡ್ಸಿಲ್ಲ."

ಅಷ್ಟರಲ್ಲಿ ಈವ್ಲಿನ್ ಅವರ ಮೊಬೈಲ್ ರಿಂಗಾಯಿತು. ರಮಾಕಾಂತ.

"ಮೇಡಂ, ಲಾರಿ ನಿಂತೈತ್ರಿ. ನಾಲ್ಕಿಂಚಿನ ಗ್ಯಾಸ್ಕೆಟ್ ಎಲ್ಲಿಟ್ಟಾನ, ಅಂವನ್ನ ಒಂದ್ ಸಲ ಕೇಳ್ರಿ."

ಈವ್ಲಿನ್ ಮೊಬೈಲನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಸ್ಪೀಕರ್ ಒತ್ತಿ ಅದನ್ನು ಮೇಜಿನ ಆಚೆಗೆ ಸರಿಸಿದರು. ಪಂಢರಿನಾಥ ಕುರ್ಚಿಯಲ್ಲಿ ನೆಟ್ಟಗೆ ಕೂತರು.