ಅಮರಗೋಳದ ಹಳೆಯ ಕಂಪ್ಯೂಟರ್

೨೦೨೪ರ ನವೆಂಬರ್ ೧೨, ಬೆಳಿಗ್ಗೆ ೯-೨೦. ನಿಜಾಮುದ್ದೀನ ಠಾಣೆಗೆ ಬಂದು ದೂರು ಕೊಟ್ಟರು. ವಾರಸುದಾರರಿಲ್ಲದ ಶವಗಳಿಗೆ ಮಣ್ಣು ಕೊಡುವುದು ಅವರ ಕೆಲಸ. ಇಪ್ಪತ್ತು ವರ್ಷಗಳಿಂದ ಪ್ರತಿ ಮುಖದ ಫೋಟೊವನ್ನು, ಸಮಾಧಿಯ ನಂಬರಿನ ಜೊತೆ, ಒಂದೇ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಅಮರಗೋಳದ ಅವರ ಕೋಣೆಯ ಬೀಗ ಮುರಿದು ಯಾರೋ ಅದನ್ನು ಒಯ್ದಿದ್ದರು.

ಇನ್ಸ್‌ಪೆಕ್ಟರ್ ಸುಕನ್ಯಾ ಎಫ್‌ಐಆರ್ ದಾಖಲಿಸಿ, ಪೇದೆ ದುರ್ಗೇಶನೊಂದಿಗೆ ೧೦-೧೫ಕ್ಕೆ ಸ್ಥಳ ಪಂಚನಾಮೆ ಮಾಡಿದರು. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಹಾಗೇ ಇತ್ತು. ಹೊಸದನ್ನು ಬಿಟ್ಟು ಗುಜರಿ ಹೊತ್ತೊಯ್ಯುವ ಕಳ್ಳ ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಬಾಗಿಲ ಬಳಿ ಹುಲಿಗೆವ್ವ ಕುಳಿತಿದ್ದಳು. ೨೦೦೬ರಲ್ಲಿ ಕಾಣೆಯಾದ ಮಗನ ಫೋಟೊ ಇಲ್ಲಿರಬಹುದೆಂದು ನಿನ್ನೆಯೂ ಬಂದಿದ್ದಳು.

“ಕಾಕಾ, ನಿನ್ನೆ ಆ ಕಂಪ್ಯೂಟರ್ ಯಾರು ಮುಟ್ಟಿದ್ರು?” ಸುಕನ್ಯಾ ನಿಜಾಮುದ್ದೀನರನ್ನು ಕೇಳಿದರು.

“ಮೊಬೈಲ್ ಅಂಗಡಿ ಇಸ್ತಿಯಾಕರಿ. ಹಳೇ ಪರದ್ಯಾಗ ಮುಖಾ ಬರೇ ಕಪ್ಪ ಕಾಣತಿದ್ವು. ಹೊಸದಕ್ಕ ಹಾಕಿ ಕೊಡತೇನಿ ಅಂದಿದ್ದ.”

ದುರ್ಗೇಶ ಲ್ಯಾಪ್‌ಟಾಪ್ ತೆರೆದ. ೬೪೦ ಫೋಟೊಗಳು ಬಂದಿದ್ದವು. ಪ್ರತಿಯೊಂದರಲ್ಲೂ ಕೂದಲು, ಹಣೆ. ಅದರ ಕೆಳಗೆ ಬೂದು ಬಣ್ಣ.

ಇಸ್ತಿಯಾಕ ೧೨-೪೦ಕ್ಕೆ ಅಂಗಡಿಯಲ್ಲೇ ಸಿಕ್ಕ. ಓಡಲಿಲ್ಲ.

“ಏನ್ ಮಾಡಿದಿ?”

“ಅಷ್ಟ ಹಳೇದಕ್ಕ ಪೆನ್‌ಡ್ರೈವ್ ನಡ್ಯಂಗಿಲ್ರಿ. ಕೇಬಲ್ ಹಚ್ಚಿ ಫೈಲ್ ಕಳಸೋ ಹಳೇ ಸಾಫ್ಟ್‌ವೇರ್ ಹದಿನೈದ ದಿನಾ ಹುಡುಕಿದೆ. ಸಿಕ್ತು, ಆದ್ರ ನಾಕ ದಿನಾ ಹಿಡೀತಿತ್ತು. ಸ್ಪೀಡ್ ಪೂರಾ ಏರಿಸಿದೆ. ಫೈಲ್ ಸರಿ ಬಂತೋ ಇಲ್ಲೋ ನೋಡೋದನ್ನ ಬಂದ್ ಮಾಡಿದೆ. ಎಲ್ಲಾ ಅರ್ಧಾನ ಬಂದ್ವು.”

“ಹಳೇದರಾಗಿನ್ವು?”

“ಕಾಪಿ ಮಾಡೋದ ಬಿಟ್ಟು ಕಟ್ ಮಾಡಿ ಹಾಕಿದ್ನಿರಿ. ಅಲ್ಲೂ ಅಳಿಸಿ ಹೋದ್ವು. ಮೆಮೊರಿ ಕಾರ್ಡಿಗೆ ಹಾಡು ತುಂಬೂವಾಗ ಹಂಗ ಮಾಡತೇನಿ. ಕೈಗೆ ಅದ ರೂಢಿ.”

ಬೀಗ ಮುರಿದವನೂ ಅವನೇ. ಗಬ್ಬೂರ ಬೈಪಾಸ್ ಪಕ್ಕದ ಹಾಳು ಬಾವಿಯಿಂದ ೪-೧೦ಕ್ಕೆ ಕಂಪ್ಯೂಟರಿನ ಡಬ್ಬಿಯನ್ನು ಮೇಲೆತ್ತಿ ಪಂಚನಾಮೆ ಬರೆದರು. ಹಾರ್ಡ್ ಡಿಸ್ಕನ್ನು ಅವನು ಮೊದಲೇ ಸುತ್ತಿಗೆಯಿಂದ ಜಜ್ಜಿದ್ದ. ೫-೩೦ಕ್ಕೆ ಬಂಧನ.

“ಅಷ್ಟ ಅವಸರ ಏನಿತ್ತು?” ಸುಕನ್ಯಾಗೆ ಸಿಟ್ಟು ಬಂದಿತ್ತು.

“ಆ ಅವ್ವ ಮುಂಜಾನಿಂದ ಬಾಗಲದಾಗ ಕುಂತಿದ್ಲರಿ. ಸಂಜೀ ಬಸ್ಸು ಹೋಗೂದರೊಳಗ ಮಗನ ಮುಖಾ ತೋರಸಬೇಕಂತ ಮಾಡಿದ್ನಿ. ಹಾಳಾತು ಅನ್ನಾಕ ಬಾಯಿ ಬರಲಿಲ್ಲ. ಕಳುವಾತಂದ್ರ, ಎಂದರ ಸಿಗತೈತಿ ಅಂತಾದ್ರೂ ಇರತಾಳ ಅಂತ…”

ಸುಕನ್ಯಾ ಅದನ್ನು ಹೇಳಿಕೆಯಲ್ಲಿ ಹಾಗೇ ಬರೆದುಕೊಂಡರು. ಸಿಟ್ಟು ಇಳಿದಿತ್ತು, ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಠಾಣೆಯ ಆಚೆ ಬೆಂಚಿನ ಮೇಲೆ ದುರ್ಗೇಶ ಲ್ಯಾಪ್‌ಟಾಪಿನಲ್ಲಿ ಹುಲಿಗೆವ್ವನಿಗೆ ಒಂದೊಂದೇ ಹಣೆ ತೋರಿಸುತ್ತಿದ್ದ.

“ಅವ್ವಾ, ಮಗನ ಗುರುತೇನರ ಐತೇನು?”

“ಗದ್ದದ ಮ್ಯಾಲ ಮಚ್ಚಿ ಇತ್ತಪಾ,” ಎಂದಳು. ಪರದೆಯ ಬೂದು ಬಣ್ಣವನ್ನು ಸೆರಗಿನಿಂದ ಒಮ್ಮೆ ಒರೆಸಿದಳು. “ಮುಂದಿಂದು ತಗಿ.”