ಅರ್ಧ ಬೆಂದ ಮಿರ್ಚಿ

“ಒಲೆ ಆರಿಸು!”

ಕಾವೇರಿ ತಲೆ ಎತ್ತುವಷ್ಟರಲ್ಲಿ ಪಕ್ಕದಿಂದ ಒಂದು ಕೈ ನುಗ್ಗಿ ಗ್ಯಾಸಿನ ತಿರುಪು ತಿರುಗಿಸಿತು. ಬುಸ್ ಎನ್ನುತ್ತಿದ್ದ ಉರಿ ಒಂದೇ ಸಲಕ್ಕೆ ಸತ್ತಿತು. ಬಾಣಲೆಯಲ್ಲಿದ್ದ ಮಿರ್ಚಿಗಳು ಅರ್ಧ ಬೆಂದು, ಎಣ್ಣೆ ಕುಡಿಯುತ್ತಾ ಸುಮ್ಮನಾದವು.

ಆ ಕೈ ಲಿಖಿತನದು!

“ಏನ್ ಮಾಡ್ಲಾಕತ್ತೀರಿ? ಗಿರಾಕಿ ನಿಂತಾರ, ಕಾಣ್ಸಲ್ಲೇನ್ರಿ?”

“ಆಮೇಲೆ ಹೇಳ್ತೀನಿ ಕಾವೇರಿ. ಮೊದ್ಲು ಬಾಂಡ್ಲಿ ಇಳ್ಸು. ಅಮ್ಮ ಗೇಟ್ ಹತ್ರ ಬಂದ್ಬಿಟ್ರು. ಇದನ್ನ ನೋಡಿದ್ರೆ ಎಲ್ಲಾ ಮುಗೀತು!”

ಇದನ್ನ...? ಯಾವುದನ್ನ? ಮಿರ್ಚಿಯನ್ನೋ? ಮಿರ್ಚಿ ಕರಿಯುವವಳನ್ನೋ?

ಕಾವೇರಿಯ ಎದೆಯಲ್ಲಿ ಏನೋ ಮುರಿಯಿತು.

ಗರುಡಾಚಾರ್‌ಪಾಳ್ಯದ ಈ ಮೈದಾನ ಲಿಖಿತನ ಮನೆಯವರದು. ಒಂದು ಕಾಲಕ್ಕೆ ರಾಗಿ ಹೊಲ. ಈಗ ಬೇಸಿಗೆ ರಜೆ ಬಂದರೆ ಜೈಂಟ್ ವೀಲು, ಬಾಂಬೆ ಮಿಠಾಯಿ, ಛತ್ರಿಯಷ್ಟು ಅಗಲದ ದಿಲ್ಲಿ ಹಪ್ಪಳದ ಮೇಳ. ಯಾದಗಿರಿ ಕಡೆಯಿಂದ ಬಂದ ಕಾವೇರಿ ಹಗಲು ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಇಲ್ಲಿ ಮಿರ್ಚಿ ಹಾಕುತ್ತಿದ್ದಳು.

ಹೋದ ಬೇಸಿಗೆಯ ಮೇಳದಲ್ಲಿ, “ಇದೊಂದು ಖಾರಾನಾ?” ಎಂದು ಜಂಬ ಕೊಚ್ಚಿ, ಎರಡನೇ ಮಿರ್ಚಿಗೆ ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸಿಕೊಂಡು ಐಸ್ ಗೋಲಾ ಅಂಗಡಿಗೆ ಓಡಿದವನು ಲಿಖಿತ್. ಮಾರನೇ ದಿನ ಮತ್ತೆ ಬಂದ. ಅದರ ಮಾರನೇ ದಿನವೂ ಬಂದ. ಪ್ರೀತಿಯ ಹಣೆಬರಹವೇ ಅಷ್ಟು, ಉರಿದರೂ ಬಿಡುವುದಿಲ್ಲ.

ಇವತ್ತು ಅವನ ತಾಯಿ ಆಂಜನಮ್ಮ ಹುಡುಗಿ ನೋಡಲು ಬರುವವರಿದ್ದರು. ಒಪ್ಪಿದರೆ ಮದುವೆ. ಒಪ್ಪದಿದ್ದರೆ ಹೊಸಕೋಟೆಯ ಸಂಬಂಧಕ್ಕೆ ಮಾತು ಕೊಡುತ್ತೇನೆ ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದರು.

ಅದಕ್ಕೇ ಕಾವೇರಿ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ, ಉದ್ದನೆಯ ಮೆಣಸಿನಕಾಯಿ ಆರಿಸಿ, ಸೀಳಿ, ಹುಣಸೆ ಜೀರಿಗೆ ತುಂಬಿದ್ದಳು. ಬೆರಳೆಲ್ಲ ಉರಿಯುತ್ತಿತ್ತು. ಪಕ್ಕದ ಸೈಫ್‌ನ ಹಪ್ಪಳದ ಅಂಗಡಿಗೆ ಟಾರ್ಪಾಲು ಹೊದಿಸಿತ್ತು. ಆಚೆಯ ಗೋಬಿಯವನೂ ಒಲೆ ಹಚ್ಚಿರಲಿಲ್ಲ. ಮಾವಿನಕಾಯಿ, ಕಲ್ಲಂಗಡಿ, ಗೋಲಾ ಅಂಗಡಿಗಳಷ್ಟೇ ನಡೆಯುತ್ತಿದ್ದವು. ‘ನನ್ನ ಅದೃಷ್ಟ! ಇವತ್ತು ಗಿರಾಕಿ ಎಲ್ಲಾ ನನಗೇ’ ಎಂದುಕೊಂಡಿದ್ದಳು ಪಾಪ.

“ನಾಚಿಕಿ ಬರ್ತದೇನ್ರಿ ನಿಮಗ?” ಅವಳು ಅವನತ್ತ ತಿರುಗಿದಳು. “ಏನಂತ ಹೇಳೀರಿ ನಿಮ್ಮವ್ವಗ? ಏಸಿ ಆಫೀಸ್‌ನ್ಯಾಗ ಕುರ್ಚಿ ಮ್ಯಾಲ ಕೂಡ್ತಾಳಂತ ಹೇಳೀರೇನು?”

“ಅಯ್ಯೋ, ಅದಲ್ಲ ಕಣೆ!”

“ಮತ್ತೇನ್ರಿ?”

ಅವನು ಬಟ್ಟೆ ಸುತ್ತಿಕೊಂಡು ಬಾಣಲೆಯ ಕಿವಿಗೆ ಕೈ ಹಾಕಿದ. ಅವಳು ಇನ್ನೊಂದು ಕಿವಿ ಹಿಡಿದಳು. ಕಾದ ಎಣ್ಣೆ ಅಂಚಿನ ತನಕ ತುಳುಕಿತು.

“ಬಿಡ್ರಿ! ಸುಡ್ತದ!”

“ನೀನು ಬಿಡು!”

“ಗುರು, ಬಜ್ಜಿ ಸಿಗುತ್ತೋ, ಇಲ್ಲಾ ಬರೀ ಫೈಟಾ?” ಸಾಲಿನಲ್ಲಿದ್ದ ಒಬ್ಬ ಕೂಗಿದ.

ಒಂದು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು. ಆದರೆ ಹೆದರಿದ ಗಂಡಸು ಕೈ ಆಡಿಸುತ್ತಾನೆ, ಬಾಯಿ ಆಡಿಸುವುದಿಲ್ಲ. ದರಿದ್ರ ಬುದ್ಧಿ!

ಅಷ್ಟರಲ್ಲಿ ಸಾಲು ತಾನಾಗಿ ಸರಿಯಿತು. ಆಂಜನಮ್ಮ ಬಂದು ನಿಂತಿದ್ದರು. ಕುಂಕುಮ, ದಪ್ಪ ಸರ, ಬಿಗಿದ ತುಟಿ. ಗಾಳಿಯನ್ನು ಒಮ್ಮೆ ಮೂಸಿ, ಬಾಣಲೆ ನೋಡಿದರು.

“ಎಣ್ಣೆ ಮಡಗಿದ್ದು ಯಾರು?”

“ನಾನೇ ಅಮ್ಮ,” ಲಿಖಿತ್ ಮುಂದೆ ಬಂದ. “ತಿನ್ನೋಣ ಅನ್ನಿಸ್ತು, ನಾನೇ ಹಚ್ಚಿದ್ದು. ಇವಳಿಗೇನೂ ಗೊತ್ತಿಲ್ಲ.”

ಕಾವೇರಿಗೆ ರಕ್ತ ಕುದಿಯಿತು. ‘ನನ್ನ ಕೈಯ ಕೆಲಸವನ್ನೂ ಮುಚ್ಚಿಡುವಷ್ಟು ಅಸಹ್ಯವೇ ನಾನು...?’

“ಸುಳ್ಳು! ನಾ ಕರ್ದೀನ್ರಿ. ನೀವು ಬರ್ತೀರಂತ ಮಧ್ಯಾಹ್ನದಿಂದ ಕುಂತು ಮಾಡೀನಿ. ಮಿರ್ಚಿ ಮಾರಾಕಿ ನಾನು. ಬ್ಯಾಡಾದ್ರ ಈಗೇ ಬ್ಯಾಡ ಅಂದ್ಬಿಡ್ರಿ!”

ಲಿಖಿತ್ ಕಣ್ಣು ಮುಚ್ಚಿಕೊಂಡ. ಆಂಜನಮ್ಮನ ಮುಖ ಕೆಂಪಾಯಿತು.

“ಮಿರ್ಚಿ ಮಾರೋದು ನಂಗೆ ಗೊತ್ತಿಲ್ವಾ ಅಮ್ಮಿ? ಮೊದಲ ದಿನಾನೇ ಹೇಳವ್ನೆ. ನಾನು ಕೇಳ್ತಿರೋದು ಬೇರೆ. ನಾಳೆ ಊರಮ್ಮನ ಹಬ್ಬ. ಊರಲ್ಲಿ ಸಾರಿದ ಮೇಲೆ ಹಬ್ಬ ಮುಗಿಯೋಗಂಟ ಎಲ್ಲೆ ಒಳಗೆ ಯಾರೂ ಎಣ್ಣೆ ಕಾಯ್ಸಂಗಿಲ್ಲ, ಒಗ್ಗರಣೆ ಹಾಕಂಗಿಲ್ಲ. ಬೆಳಿಗ್ಗೆ ನಿಮ್ಮ ಬೀದೀಲೇ ತಮಟೆ ಹೊಡ್ದು ಸಾರಿದ್ರಲ್ಲ!”

ಕಾವೇರಿ ಪಕ್ಕದ ಟಾರ್ಪಾಲಿನತ್ತ ನೋಡಿದಳು.

“ಆ ತಮಟಿ... ಹಬ್ಬಕ್ಕೇನ್ರಿ? ಯಾರೋ ತೀರ್ಕೊಂಡಾರಂತ ತಿಳ್ದು, ಕೈ ಮುಗ್ದು ಬಾಗಿಲು ಹಾಕ್ಕೊಂಡೆ ನಾ...”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಂಜನಮ್ಮ ನಗಲಿಲ್ಲ.

ಮುಚ್ಚಿದ ಹಪ್ಪಳದ ಅಂಗಡಿ, ಲಿಖಿತನ ಗಾಬರಿ... ಈಗ ಎಲ್ಲ ತಿಳಿಯಿತು ಕಾವೇರಿಗೆ. ಅವನಿಗೆ ನಾಚಿಕೆಯಾಗಿರಲಿಲ್ಲ. ಭಯವಾಗಿತ್ತು!

“ಎಲ್ಲಾ ಅಂಗಡಿಗೂ ಹೇಳ್ದೋನು ಇವಳಿಗ್ಯಾಕೋ ಹೇಳ್ಲಿಲ್ಲ?” ಆಂಜನಮ್ಮ ಮಗನ ಮೇಲೆ ಎರಗಿದರು.

“ಅವಳ ಬೀದೀಲೇ ಸಾರಿದ್ರಲ್ಲ, ಗೊತ್ತಿರುತ್ತೆ ಅಂದ್ಕೊಂಡೆ.”

“ಅಂದ್ಕೊಂಡ್ನಂತೆ! ಅವರ ಕಡೆ ಪದ್ಧತಿ ಬೇರೆ ಇರುತ್ತೆ ಕಣೋ ಬೆಪ್ಪು. ಅದರ ಮೇಲೆ ನನ್ನ ಮುಂದೆ ಸುಳ್ಳು ಬೇರೆ!”

ನಂತರ ಕಾವೇರಿಯ ಕಡೆ ತಿರುಗಿದರು. “ಅವನು ತನ್ನ ಮೇಲೆ ಹಾಕ್ಕೊಂಡ. ಸುಮ್ನಿದ್ದಿದ್ರೆ ಬಚಾವಾಗ್ತಿದ್ದೆ. ಈಗ ಹಬ್ಬ ಕೆಡಿಸಿದೋಳು ಅಂತ ಊರೆಲ್ಲಾ ಆಡ್ಕೊಳ್ಳುತ್ತೆ. ಏನಂತೀಯ?”

ಕಾವೇರಿ ಸೆರಗಿನಿಂದ ಕೈ ಒರೆಸಿಕೊಂಡಳು. ಕಣ್ಣು ತುಂಬಿತ್ತು. ತಲೆ ಬಗ್ಗಲಿಲ್ಲ.

“ನನ್ನ ಕೈಲೆ ಆದ ತಪ್ಪು ನಂದೇ ಅದರಿ. ಅವ್ರಿಗೆ ಹೊರಿಸಂಗಿಲ್ಲ. ನೀವು ಹೊಸಕೋಟಿ ಹುಡುಗೀನೇ ಮಾಡ್ಕೊಂಡ್ರೂ ಸರಿ... ಸುಳ್ಳು ಹೇಳಿ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ ನಾ.”

ಹಿಂದೆ ಜೈಂಟ್ ವೀಲು ಕಿರುಗುಟ್ಟುತ್ತಾ ತಿರುಗುತ್ತಿತ್ತು. ಲಿಖಿತ್ ತಾಯಿಯ ಮುಖವನ್ನೇ ನೋಡುತ್ತಿದ್ದ.

ಆಂಜನಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಾಳೆ ಬೆಳಿಗ್ಗೆ ತಂಬಿಟ್ಟು ಮಾಡ್ಕೊಂಡು ಬಾ. ಹಸಿ ಅಕ್ಕಿ ಹಿಟ್ಟು, ಬೆಲ್ಲ. ಒಲೆ ಹಚ್ಚಂಗಿಲ್ಲ. ಅದ್ರಲ್ಲಿ ದೀಪ ಮಡಗಿ, ನಮ್ಮನೆ ಆರತಿ ನೀನೇ ಹೊತ್ಕೊಂಡು ಬಂದು, ಊರಮ್ಮನ ಮುಂದೆ ತಪ್ಪಾಯ್ತು ಅನ್ನು.”

ಅಷ್ಟು ಹೇಳಿ ಹೊರಟೇಬಿಟ್ಟರು.

“ದಂಡ ಹಾಕಿದ್ರೇನ್ರಿ ನಿಮ್ಮವ್ವ?” ಕಾವೇರಿ ಪಿಸುಗುಟ್ಟಿದಳು.

ಲಿಖಿತನ ಕಣ್ಣಲ್ಲಿ ನೀರು. “ನಮ್ಮನೆ ಆರತೀನ ನಮ್ಮನೆ ಸೊಸೆ ಬಿಟ್ಟು ಬೇರೆ ಯಾರೂ ಹೊರಲ್ಲ ಕಣೆ!”

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಅಳು ಬಂತು. ನಗುವೂ ಬಂತು. ಆದರೆ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಯಾಕೆ ಹೋಗಬೇಕು?

“ನಗಬ್ಯಾಡ್ರಿ ನೀವು. ಎಲ್ಲಾರ ಮುಂದ ನನ್ನ ಕೇಳಲಾರ್ದ ಕೈ ಹಾಕಿದ್ರಿ. ಹಿಂಗಿಂಗ ಅಂದಿದ್ರ ನಾನೇ ಆರಿಸ್ತಿದ್ದಿಲ್ಲೇನು?”

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ನಿನ್ನನ್ನ ಕಳ್ಕೊಂಡ್ಬಿಡ್ತೀನಿ ಅಂತ ಹೆದರ್ಬಿಟ್ಟೆ ಕಾವೇರಿ. ನೀನಿಲ್ದೆ ನಂಗಾಗಲ್ಲ. ಇನ್ಮೇಲೆ ನಿನ್ನ ಕೇಳ್ದೆ ಏನೂ ಮಾಡಲ್ಲ.”

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

“ನಂಗ ತಂಬಿಟ್ಟು ಮಾಡಾಕ ಬರಂಗಿಲ್ಲ.”

“ನಂಗೆ ಬರುತ್ತೆ! ಮನೇಲಿ ಹೆಣ್ಮಕ್ಳಿಲ್ಲ ಅಂತ ಅಮ್ಮ ನಂಗೇ ಕಲ್ಸಿದಾರೆ. ಬೆಳಿಗ್ಗೆ ನಿಮ್ಮ ರೂಮಿಗೆ ಬಂದು...”

ತಟ್ಟನೆ ನಿಲ್ಲಿಸಿದ.

“ಬರಲಾ?”

“ಬರ್ರಿ,” ಅಂದಳು ಕಾವೇರಿ. “ಬರೋವಾಗ ಬೆಲ್ಲ ತರ್ರಿ.”